ಹದಿನಾರೂವರೆ ವರ್ಷಕ್ಕೆ ಬಂದ ಪತ್ರ

ನಿಮ್ಮ ಮನೆಯಲ್ಲಿ ಹದಿನಾರು ದಾಟಿದ ಮಗನಿದ್ದಾನೆಯೇ? ಇದ್ದರೆ ಒಮ್ಮೆ ಅವನ ಕೋಣೆಗೆ ಇಣುಕಿ ನೋಡಿ. ಹಾಸಿಗೆ ಮಡಚಿರುವುದಿಲ್ಲ. ತಿಂದ ತಟ್ಟೆ ಮೇಜಿನ ಮೇಲೆಯೇ ಇರುತ್ತದೆ. ಫಜರ್‌ಗೆ ಎಬ್ಬಿಸಲು ಹೋದರೆ ಹೊದಿಕೆಯೊಳಗಿನಿಂದ ಒಂದು ಹೂಂಕಾರ ಮಾತ್ರ ಬರುತ್ತದೆ. ಆ ಮಗನ ಹೆಸರಿಗೆ ಒಂದು ದಿನ ಸರಕಾರದ ಪತ್ರ ಬಂದು, ಎರಡು ವರ್ಷ ಸೇನೆಯಲ್ಲಿ ಇರಬೇಕು, ಇಲ್ಲವಾದರೆ ಜೈಲು ಎಂದು ಹೇಳಿದರೆ ನಿಮಗೆ ಏನನಿಸಬಹುದು?

ನನ್ನ ಅಕ್ಕನ ಮನೆಗೆ ಅಂತಹ ಪತ್ರ ಬಂದಿತ್ತು. ಅಕ್ಕ ಇರುವುದು ಸಿಂಗಾಪುರದಲ್ಲಿ. ಭಾವ ಇಂಜಿನಿಯರ್. ಮಗ ಕೈಗೂಸಾಗಿದ್ದಾಗ ಮಂಗಳೂರು ಬಿಟ್ಟು ಅಲ್ಲಿಗೆ ಹೋದವರು. ನಾಲ್ಕೈದು ವರ್ಷಗಳ ನಂತರ ಅವರಿಗೆ ಅಲ್ಲಿನ ಕಾಯಂ ನಿವಾಸದ ಹಕ್ಕು ಸಿಕ್ಕಿತು. ಅಂದು ಊರಿನಲ್ಲಿ ನಾವೆಲ್ಲ ಸಿಹಿ ಹಂಚಿದ್ದೆವು. ಒಳ್ಳೆಯ ಶಾಲೆ, ಶುದ್ಧ ರಸ್ತೆ, ರಾತ್ರಿ ಹನ್ನೊಂದಕ್ಕೂ ಹೆಣ್ಣು ಮಗಳು ಒಬ್ಬಳೇ ಬಸ್ಸಿನಲ್ಲಿ ಬರಬಹುದಾದ ಊರು. ಇನ್ನೇನು ಬೇಕು ಎಂದೇ ಎಲ್ಲರ ಮಾತು. ಆದರೆ ಅರ್ಜಿಯಲ್ಲಿ ಮಗನ ಹೆಸರೂ ಇತ್ತು. ಅಲ್ಲಿನ ಕಾನೂನಿನ ಪ್ರಕಾರ ಉದ್ಯೋಗದ ಮೇಲೆ ಬಂದು ಕಾಯಂ ನಿವಾಸಿಯಾದ ತಂದೆಗೆ ಸೈನಿಕ ಸೇವೆ ಇಲ್ಲ. ತಂದೆಯ ಮೂಲಕ ಆ ಹಕ್ಕು ಪಡೆದ ಮಗನಿಗೆ ಇದೆ. ಹದಿನಾರೂವರೆ ವರ್ಷವಾದಾಗ ಅವನು ಹೆಸರು ನೋಂದಾಯಿಸಬೇಕು. ತಪ್ಪಿಸಿಕೊಂಡರೆ 10,000 ಡಾಲರ್ ದಂಡ ಅಥವಾ 3 ವರ್ಷದ ವರೆಗೆ ಸೆರೆ ಅಥವಾ ಎರಡೂ.

ಸಿಂಗಾಪುರಕ್ಕೆ ಯಾಕೆ ಇಂತಹ ಕಾನೂನು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. 1965ರ ಆಗಸ್ಟ್ 9ರಂದು ಮಲೇಶ್ಯದಿಂದ ಬೇರ್ಪಟ್ಟಾಗ ಆ ಪುಟ್ಟ ದ್ವೀಪಕ್ಕೆ ಹೇಳಿಕೊಳ್ಳುವಂತಹ ಸೇನೆ ಇರಲಿಲ್ಲ. ದೊಡ್ಡ ಸಂಬಳದ ಸೇನೆ ಕಟ್ಟಲು ಜನವೂ ಇರಲಿಲ್ಲ, ಹಣವೂ ಇರಲಿಲ್ಲ. 1967ರಲ್ಲಿ ಕಾನೂನು ತಿದ್ದಿ, ಹದಿನೆಂಟು ತುಂಬಿದ ಗಂಡು ಮಕ್ಕಳನ್ನೆಲ್ಲ ಸೇನೆಗೆ ಕರೆಯಲು ಆರಂಭಿಸಿದರು. ಮೊದಲ ವರ್ಷ ಕರೆ ಹೋದದ್ದು ಸುಮಾರು 9,000 ಯುವಕರಿಗೆ. ಆ ಸೇನೆಗೆ ತರಬೇತಿ ಕೊಡಲು ಬಂದವರು ಇಸ್ರೇಲಿನ ಅಧಿಕಾರಿಗಳು. ಸುತ್ತಲೂ ಮುಸ್ಲಿಮ್ ಬಹುಸಂಖ್ಯಾತ ದೇಶಗಳು, ಒಳಗೂ ಮುಸ್ಲಿಮ್ ಪ್ರಜೆಗಳು. ಆದ್ದರಿಂದ ಅವರನ್ನು 'ಮೆಕ್ಸಿಕನ್ನರು' ಎಂದು ಕರೆದು ಗುಟ್ಟು ಕಾಪಾಡಲಾಯಿತಂತೆ. ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ಅವರೇ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾರೆ.

ನಮ್ಮ ಹುಡುಗನಿಗೆ ಚಿಕ್ಕಂದಿನಲ್ಲಿ ಸೇನೆ ಎಂದರೆ ಹಬ್ಬ. ಪ್ರತಿ ವರ್ಷ ಆಗಸ್ಟ್ 9ರ ಪಥಸಂಚಲನವನ್ನು ಟಿ.ವಿ. ಮುಂದೆ ಕೂತು ನೋಡುತ್ತಿದ್ದ. ರಜೆಗೆ ಊರಿಗೆ ಬಂದಾಗ ನಮ್ಮ ಅಂಗಳದಲ್ಲಿ ತೆಂಗಿನ ಕೊತ್ತಳಿಗೆಯನ್ನು ಹೆಗಲಿಗೇರಿಸಿ ಕವಾಯತು ಮಾಡುತ್ತಿದ್ದ. ಆ ರಜೆಗಳಲ್ಲೇ ನಾನು ಅವನಿಗೆ ಕನ್ನಡ ಅಕ್ಷರ ಕಲಿಸಿದ್ದು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಸ್ಲೇಟು ಹಿಡಿದು ಕೂತರೆ ಮಾತ್ರ ಸಂಜೆ ಆಟಕ್ಕೆ ಬಿಡುತ್ತಿದ್ದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ!

ಹದಿನಾಲ್ಕು ಹದಿನೈದಕ್ಕೆ ಆ ಉತ್ಸಾಹ ಇಳಿಯಿತು. ನೋಂದಣಿಯ ಪತ್ರ ಬಂದ ಮೇಲಂತೂ ಅವನು ಬೇರೆಯೇ ಹುಡುಗ. "ಚಿಕ್ಕಮ್ಮಾ, ಇಲ್ಲಿ ಜೊತೆಗೆ ಓದಿದ ಹುಡುಗಿಯರೆಲ್ಲ ನೇರ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಾರೆ. ಊರಿನಲ್ಲಿ ನನ್ನ ವಯಸ್ಸಿನವನು ಇಂಜಿನಿಯರಿಂಗ್ ಎರಡನೇ ವರ್ಷ ಮುಗಿಸುವಾಗ ನಾನು ಮೊದಲ ವರ್ಷಕ್ಕೆ ಸೇರುತ್ತೇನೆ. ನಾನು ಇಲ್ಲಿನ ಪ್ರಜೆಯೂ ಅಲ್ಲ. ನನ್ನ ಪಾಸ್‌ಪೋರ್ಟ್ ಭಾರತದ್ದು. ಯಾರ ದೇಶಕ್ಕಾಗಿ ನಾನು ಬಂದೂಕು ಹಿಡಿಯಬೇಕು?" ಎಂದು ಫೋನಿನಲ್ಲಿ ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಅವನ ಪಕ್ಷದಲ್ಲೇ ಇದ್ದೆ. ಊರಿಗೆ ಕಳುಹಿಸಿಬಿಡು, ಇಲ್ಲೇ ಪಿ.ಯು.ಸಿ. ಓದಲಿ ಎಂದು ಅಕ್ಕನಿಗೆ ಹೇಳಿದೆ. ಅದು ಅಷ್ಟು ಸುಲಭವಲ್ಲ ಎಂದು ಆಗ ತಿಳಿಯಿತು. ಹದಿಮೂರು ವರ್ಷ ತುಂಬಿದ ಹುಡುಗ ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೊರದೇಶದಲ್ಲಿ ಇರಬೇಕಾದರೆ ಪರವಾನಿಗೆ ಬೇಕು. ವರ್ಷಗಟ್ಟಲೆ ಇರಬೇಕಾದರೆ ಕನಿಷ್ಠ 75,000 ಡಾಲರಿನ ಜಾಮೀನು.

ಅಕ್ಕನ ಸ್ಥಿತಿ ಇನ್ನೂ ಕಷ್ಟದ್ದು. ಸೇನೆಗೆ ಸೇರಿಸುವ ಮೊದಲು ವೈದ್ಯಕೀಯ ಪರೀಕ್ಷೆ ಇರುತ್ತದೆ. ಉಬ್ಬಸ, ಹೃದಯದ ತೊಂದರೆ, ಕಾಲಿನ ದೋಷ ಇದ್ದವರನ್ನು ಕಠಿಣ ತರಬೇತಿಯಿಂದ ಬಿಡುತ್ತಾರೆ. ಹುಡುಗನಿಗೆ ಐದನೇ ವಯಸ್ಸಿನಲ್ಲಿ ಸ್ವಲ್ಪ ಉಬ್ಬಸವಿತ್ತು. ಅದು ಇನ್ನೂ ಉಳಿದಿರಲಿ ಎಂದು ಅವಳು ತಹಜ್ಜುದ್‌ನಲ್ಲಿ ಕೈಯೆತ್ತಿ ಬೇಡಿದಳಂತೆ. ಮರುಕ್ಷಣವೇ ಎದೆ ಧಸಕ್ಕೆಂದು, ಅಳುತ್ತಾ ತೌಬಾ ಮಾಡಿದಳಂತೆ. "ಆರೋಗ್ಯವಾಗಿರುವ ಮಗನಿಗೆ ಕಾಯಿಲೆ ಬೇಡಿದ ತಾಯಿಯನ್ನು ನೀನು ನೋಡಿದ್ದೀಯಾ?" ಎಂದು ನನ್ನನ್ನು ಕೇಳಿದಳು. ಪರೀಕ್ಷೆಯಲ್ಲಿ ಅವನ ಶ್ವಾಸಕೋಶದಲ್ಲಿ ಯಾವ ದೋಷವೂ ಕಾಣಲಿಲ್ಲ. ಅವಳು ಶುಕ್ರ್ ಹೇಳಿದಳೋ ಅತ್ತಳೋ ನನಗೆ ಗೊತ್ತಿಲ್ಲ. ಎರಡನ್ನೂ ಮಾಡಿರಬೇಕು.

ದೇಹದಾರ್ಢ್ಯ ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಪಡೆದವರಿಗೆ ಸೇವೆಯಲ್ಲಿ 2 ತಿಂಗಳು ರಿಯಾಯಿತಿ ಇದೆ. ಅದೊಂದಕ್ಕಾಗಿ ನಮ್ಮ ಹುಡುಗ ಆರು ತಿಂಗಳು ಬೆಳಿಗ್ಗೆ ಓಡಿದ. ಸೇನೆಯ ದ್ವೇಷದಿಂದಲೇ ಸೇನೆಗೆ ತಕ್ಕ ದೇಹ ಬೆಳೆಸಿಕೊಂಡ ಎಂದು ಭಾವ ಇಂದಿಗೂ ನಗುತ್ತಾರೆ.

2017ರ ಆರಂಭದಲ್ಲಿ ಅವನು ಸೇನೆಗೆ ಸೇರಿದ. ಹೊಸಬರಿಗೆ ತರಬೇತಿ ಕೊಡುವುದು ಪುಲಾವ್ ತೆಕೋಂಗ್ ಎಂಬ ದ್ವೀಪದಲ್ಲಿ. ಹಿಂದೆ ಅಲ್ಲಿ ಮಲಾಯಿ ಮತ್ತು ಚೀನೀ ಕುಟುಂಬಗಳ ಹಳ್ಳಿಗಳಿದ್ದವು. 1980ರ ದಶಕದಲ್ಲಿ ಅವರನ್ನೆಲ್ಲ ಸ್ಥಳಾಂತರಿಸಿ ದ್ವೀಪವನ್ನು ಸೇನೆಗೆ ಬಿಟ್ಟುಕೊಟ್ಟರು. ಸೇರುವ ದಿನ ತಂದೆತಾಯಿಯೂ ದೋಣಿಯಲ್ಲಿ ಜೊತೆಗೆ ಹೋಗಬಹುದು. ಮಗ ಮಲಗುವ ಕೋಣೆ ನೋಡಬಹುದು. ಪ್ರತಿಜ್ಞೆ ಸ್ವೀಕರಿಸುವುದನ್ನು ನೋಡಬಹುದು. ಅಲ್ಲಿನ ಭೋಜನಶಾಲೆಯಲ್ಲಿ ಜೊತೆಗೆ ಕೂತು ಉಣ್ಣಬಹುದು. ಅಕ್ಕ ಮೊದಲು ಹುಡುಕಿದ್ದು ಹಲಾಲ್ ಊಟದ ಸಾಲನ್ನು. ಮುಸ್ಲಿಮರಿಗೆಂದೇ ಬೇರೆ ಸಾಲು ಇತ್ತು. ಕಾಡಿನಲ್ಲಿ ತರಬೇತಿ ನಡೆಯುವಾಗ ಕೊಡುವ ಪೊಟ್ಟಣದ ಊಟದಲ್ಲೂ ಮುಸ್ಲಿಮರದು, ಇತರರದು, ಸಸ್ಯಾಹಾರಿಗಳದು ಎಂದು ವಿಂಗಡಣೆ ಇದೆ ಎಂದು ಕೇಳಿ ಅವಳ ಅರ್ಧ ಭಾರ ಇಳಿಯಿತು. ಉಳಿದರ್ಧ ಭಾರವನ್ನು ಹೊತ್ತು ಸಂಜೆಯ ದೋಣಿಯಲ್ಲಿ ಹಿಂದಿರುಗಿದಳು. ಅಷ್ಟರಲ್ಲಿ ಮಗನ ತಲೆ ಬೋಳಾಗಿತ್ತು.

ಮೊದಲ ಎರಡು ವಾರ ಯಾರನ್ನೂ ಮನೆಗೆ ಬಿಡುವುದಿಲ್ಲ. ರಾತ್ರಿ ಸಿಗುವ ಸ್ವಲ್ಪ ಹೊತ್ತಿನಲ್ಲಿ ಅವನು ಫೋನು ಮಾಡಿದಾಗ ಏನನ್ನೂ ಹೇಳುತ್ತಿರಲಿಲ್ಲವಂತೆ. "ಊಟ ಆಯಿತು, ನಮಾಝ್ ಆಯಿತು, ಇಡುತ್ತೇನೆ" ಅಷ್ಟೇ. ಅವನ ಕೋಪ ಹಾಗೆಯೇ ಇತ್ತು. ಅದು ಮೊದಲ ಬಾರಿ ಸ್ವಲ್ಪ ಸಡಿಲವಾದದ್ದು ಒಂದು ಸಣ್ಣ ವಿಷಯದಿಂದ. ಸಿಂಗಾಪುರದ ಸೇನೆಯಲ್ಲಿ ಕವಾಯತಿನ ಆಜ್ಞೆಗಳೆಲ್ಲ ಮಲಾಯಿ ಭಾಷೆಯಲ್ಲಿ! 'ಸೆದಿಯಾ' ಎಂದರೆ ನೆಟ್ಟಗೆ ನಿಲ್ಲಬೇಕು. 'ಸೆನಾಂಗ್ ದಿರಿ' ಎಂದರೆ ಆರಾಮವಾಗಿ ನಿಲ್ಲಬೇಕು. 'ಹೊರ್ಮತ್' ಎಂದರೆ ವಂದನೆ. ಇದು ನಮ್ಮ 'ಹುರ್ಮತ್' ಎಂಬ ಅರಬಿ ಪದವೇ. ಅವನಿಂದ ಅದನ್ನು ಕೇಳಿ ಮದ್ರಸದಲ್ಲಿ ಕಲಿತ ನನಗೂ ಖುಷಿಯಾಯಿತು. ಆ ಸಾಲಿನಲ್ಲಿದ್ದ ಬಹುಪಾಲು ಹುಡುಗರು ಚೀನೀಯರು. ಮಲಾಯಿ ಭಾಷೆ ಮನೆಮಾತಾಗಿದ್ದವನು ಇವನ ಪಕ್ಕದ ಮಂಚದವನು ಮಾತ್ರ. ನಮಾಝಿನ ಹೊತ್ತಿಗೆ ಎರಡು ಮಂಚಗಳ ನಡುವಿನ ಜಾಗದಲ್ಲಿ ಇಬ್ಬರೂ ಒಟ್ಟಿಗೆ ನಿಲ್ಲುತ್ತಿದ್ದರು.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಸಿಂಗಾಪುರದ ಮೂಲ ನಿವಾಸಿಗಳೆಂದು ಸಂವಿಧಾನವೇ ಒಪ್ಪಿರುವುದು ಮಲಾಯಿ ಜನರನ್ನು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. ರಾಷ್ಟ್ರಗೀತೆ ಅವರ ಭಾಷೆಯಲ್ಲಿದೆ. 1964ರ ಜುಲೈಯಲ್ಲಿ ಮೀಲಾದ್ ಮೆರವಣಿಗೆಯ ದಿನ ಮಲಾಯಿ ಮತ್ತು ಚೀನೀಯರ ನಡುವೆ ಗಲಭೆಯಾಗಿ ಹಲವರು ಸತ್ತರು. ಮರುವರ್ಷವೇ ಪ್ರತ್ಯೇಕ ದೇಶ. ಮಲೇಶ್ಯದೊಂದಿಗೆ ಯುದ್ಧವಾದರೆ ಇವರು ಯಾರ ಕಡೆ ನಿಲ್ಲುತ್ತಾರೆ ಎಂಬ ಸಂಶಯ ಆಡಳಿತದಲ್ಲಿತ್ತು. 1967ರಲ್ಲಿ ಎಲ್ಲರಿಗೂ ಕಡ್ಡಾಯವಾದ ಸೇವೆ ಮಲಾಯಿ ಯುವಕರ ಬಾಗಿಲಿಗೆ ಮಾತ್ರ ಬರಲಿಲ್ಲ. ಸುಮಾರು ಹತ್ತು ವರ್ಷ ಅವರಲ್ಲಿ ಹೆಚ್ಚಿನವರನ್ನು ಕರೆಯಲೇ ಇಲ್ಲ. ಕರೆಯತೊಡಗಿದ ಮೇಲೂ ಹಲವರನ್ನು ಪೊಲೀಸ್ ಮತ್ತು ಅಗ್ನಿಶಾಮಕ ದಳಗಳಿಗೆ ಕಳುಹಿಸಿದರು.

ಕರೆಯದಿದ್ದರೆ ಒಳ್ಳೆಯದೇ ಅಲ್ಲವೇ, ಎರಡು ವರ್ಷ ಉಳಿಯಿತಲ್ಲ ಎನ್ನುತ್ತೀರಾ? ನಾನೂ ಹಾಗೆಯೇ ಯೋಚಿಸಿದೆ. ಆದರೆ ಕೆಲಸ ಕೊಡುವವರು ಮೊದಲು ಕೇಳುತ್ತಿದ್ದದ್ದು ಸೈನಿಕ ಸೇವೆ ಮುಗಿಯಿತೇ ಎಂದು. ಇವರ ಕೈಯಲ್ಲಿ ಸೇವೆ ಮುಗಿಸಿದ ಪತ್ರವೂ ಇಲ್ಲ, ವಿನಾಯಿತಿಯ ಪತ್ರವೂ ಇಲ್ಲ. ನಾಳೆ ಕರೆ ಬಂದರೆ ಹೋಗಿಬಿಡುವವನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಹದಿನೆಂಟರ ಹುಡುಗರು ಬಾರದ ಪತ್ರವನ್ನು ಕಾಯುತ್ತಾ ಬೀದಿಯಲ್ಲಿ ಕೂತರು. ಅವರ ತಾಯಂದಿರನ್ನು ನೆನೆಸಿಕೊಳ್ಳಿ.

ಇದನ್ನೆಲ್ಲ ನಾನು ಓದಿ ತಿಳಿದದ್ದು ನಂತರ. ನಮ್ಮ ಹುಡುಗನಿಗೆ ತಿಳಿದದ್ದು ಕಾಡಿನಲ್ಲಿ. ತರಬೇತಿಯ ನಡುವೆ ಐದಾರು ದಿನ ಕಾಡಿನಲ್ಲೇ ಇರಬೇಕು. ಸ್ನಾನವಿಲ್ಲ, ಮೈಗೆ ಪೌಡರ್ ಹಾಕಿಕೊಳ್ಳುವುದಷ್ಟೇ. ಮಲಗಲು ತಾನೇ ತೋಡಿದ ಗುಂಡಿ. ಆ ದಿನಗಳಲ್ಲಿ ಒಂದು ರಾತ್ರಿ ಹುಡುಗರಿಗೆ ಅವರವರ ಮನೆಯ ಪತ್ರಗಳನ್ನು ಕೊಡುತ್ತಾರೆ. ಮುಂಚಿತವಾಗಿಯೇ ತಂದೆತಾಯಿಯಿಂದ ಬರೆಸಿ ತರಿಸಿಟ್ಟಿರುತ್ತಾರೆ. ಅಕ್ಕ ಕನ್ನಡದಲ್ಲಿ ಬರೆದಿದ್ದಳು. ಇಂಗ್ಲಿಷಿನಲ್ಲಿ ಬರೆದರೆ ಅಳು ಬರುವುದಿಲ್ಲ ಎಂದಳು! ಹುಡುಗ ಟಾರ್ಚ್ ಬೆಳಕಿನಲ್ಲಿ ಒತ್ತಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. ಒಂದು ಪುಟಕ್ಕೆ ಅರ್ಧ ಗಂಟೆಯಾಯಿತಂತೆ. "ಸ್ಲೇಟು ನೆನಪಾಯಿತು ಚಿಕ್ಕಮ್ಮಾ" ಎಂದು ನನಗೆ ಆಮೇಲೆ ಹೇಳಿದ.

ಪಕ್ಕದ ಗುಂಡಿಯಲ್ಲಿ ಮಲಾಯಿ ಗೆಳೆಯನೂ ತನ್ನ ಪತ್ರ ಓದುತ್ತಿದ್ದ. ತಾಯಿ ಬರೆದದ್ದರ ಕೆಳಗೆ ಅವನ ದೊಡ್ಡಪ್ಪ ಎರಡು ಸಾಲು ಸೇರಿಸಿದ್ದರು. ನನಗೆ ಬರಲಿಲ್ಲ, ನಿನಗೆ ಬಂತು, ಚೆನ್ನಾಗಿ ಮಾಡು ಎಂಬ ಅರ್ಥದ ಮಾತು. ಏನು ಬರಲಿಲ್ಲ ಎಂದು ನಮ್ಮವನು ಕೇಳಿದ. ಆಗ ಗೆಳೆಯ ಕಥೆ ಹೇಳಿದ. ಎಪ್ಪತ್ತರ ದಶಕದ ಆರಂಭದಲ್ಲಿ ದೊಡ್ಡಪ್ಪನಿಗೆ ಹದಿನೆಂಟು. ಅದೇ ಮಹಡಿಯ ಚೀನೀ ಗೆಳೆಯರೆಲ್ಲ ತಲೆ ಬೋಳಿಸಿಕೊಂಡು ಹೋದರು. ಇವರು ಮೂರು ವರ್ಷ ಅಂಚೆ ಪೆಟ್ಟಿಗೆ ತೆರೆದು ನೋಡುತ್ತಿದ್ದರು. ಕೊನೆಗೆ ಬಂದರಿನಲ್ಲಿ ದಿನಗೂಲಿಗೆ ಸೇರಿದರು. ವಯಸ್ಸು ಅರವತ್ತು ದಾಟಿದರೂ ಯಾರಾದರೂ ಸೇನೆಯ ದಿನಗಳ ಮಾತು ತೆಗೆದರೆ ಅವರು ಎದ್ದು ಹೋಗುತ್ತಾರಂತೆ. ಸಿಂಗಾಪುರದ ಗಂಡಸರು ನಾಲ್ಕು ಮಂದಿ ಸೇರಿದಲ್ಲಿ ಮಾತನಾಡುವುದು ಅದನ್ನೇ.

"ನನಗೆ ಬೇಡವಾಗಿದ್ದ ಪತ್ರಕ್ಕಾಗಿ ಒಬ್ಬರು ಮೂರು ವರ್ಷ ಕಾದಿದ್ದರು" ಎಂದು ಹುಡುಗ ಆ ವಾರದ ಕೊನೆಗೆ ಮನೆಗೆ ಬಂದಾಗ ಅಕ್ಕನಿಗೆ ಹೇಳಿದ. ಅವನ ದನಿಯಲ್ಲಿ ಕೋಪ ಇರಲಿಲ್ಲವಂತೆ. ಸಂತೋಷವೂ ಇರಲಿಲ್ಲ.

ಇಲ್ಲಿಗೆ ಅವನ ಮನಸ್ಸು ಬದಲಾಯಿತು, ಅವನು ಹೆಮ್ಮೆಯ ಸೈನಿಕನಾದ ಎಂದು ಬರೆದು ಮುಗಿಸಿದರೆ ಲೇಖನ ಚೆನ್ನಾಗಿರುತ್ತಿತ್ತು. ಆದರೆ ಹಾಗಾಗಲಿಲ್ಲ. ಒಂಬತ್ತು ವಾರಗಳ ತರಬೇತಿ ಮುಗಿದ ರಾತ್ರಿ 24 ಕಿಲೋಮೀಟರ್ ನಡೆದು, ಬೆಳಿಗ್ಗೆ ಮರೀನಾ ಬೇಯ ತೇಲುವೇದಿಕೆಯ ಮೇಲೆ ಎಲ್ಲರೊಂದಿಗೆ ಟೋಪಿ ಮೇಲಕ್ಕೆಸೆದಾಗ ಅವನು ನಕ್ಕದ್ದು ನಿಜ. ಅಕ್ಕ ಕಳುಹಿಸಿದ ಫೋಟೋ ಈಗಲೂ ನನ್ನಲ್ಲಿದೆ. ಆಮೇಲೆ ಅವನನ್ನು ಹಾಕಿದ್ದು ಉಗ್ರಾಣಕ್ಕೆ. ಗೆಳೆಯ ಲಾರಿ ಚಾಲಕನಾದ. ಮಲಾಯಿ ಹುಡುಗರನ್ನು ಕೆಲವು ವಿಭಾಗಗಳಿಗೆ ಸೇರಿಸುವುದಿಲ್ಲ ಎಂಬ ಮಾತು ಹುಡುಗರ ನಡುವೆ ಇದ್ದೇ ಇತ್ತು. ಸರಕಾರ ಹೇಳುವುದು, ಅರ್ಹತೆ ನೋಡಿಯೇ ಹುದ್ದೆ ಕೊಡುತ್ತೇವೆ ಎಂದು. ಆದರೆ 1987ರಲ್ಲಿ ಬೇರೆ ಮಾತು ಬಂದಿತ್ತು. ಆಗ ರಕ್ಷಣಾ ಖಾತೆಯ ಎರಡನೇ ಸಚಿವರಾಗಿದ್ದವರು ಲೀ ಸಿಯೆನ್ ಲೂಂಗ್. ಮುಂದೆ 2004ರಿಂದ 2024ರ ವರೆಗೆ ಪ್ರಧಾನಿಯಾಗಿದ್ದವರು. ದೇಶದ ಮೇಲಿನ ಭಾವನೆಗೂ ಧರ್ಮದ ಭಾವನೆಗೂ ಘರ್ಷಣೆ ಬರಬಹುದಾದ ಕಷ್ಟದ ಸ್ಥಾನದಲ್ಲಿ ಸೈನಿಕನನ್ನು ಇರಿಸಲು ಬಯಸುವುದಿಲ್ಲ ಎಂಬರ್ಥದಲ್ಲಿ ಅವರು ಬಹಿರಂಗವಾಗಿಯೇ ಹೇಳಿದ್ದರು. ಮಲಾಯಿ ಸಮುದಾಯಕ್ಕೆ ಅದು ಬಹಳ ನೋವು ಕೊಟ್ಟಿತು. ಕಾಲ ಬದಲಾಗಿದೆ ಎನ್ನುವವರು 2009ರಲ್ಲಿ ಇಶಾಕ್ ಇಸ್ಮಾಯಿಲ್ ಎಂಬವರು ಮೊದಲ ಮಲಾಯಿ ಬ್ರಿಗೇಡಿಯರ್ ಜನರಲ್ ಆದದ್ದನ್ನು ತೋರಿಸುತ್ತಾರೆ. ಅದೂ ನಿಜ. ಕಡ್ಡಾಯ ಸೇವೆ ಆರಂಭವಾಗಿ 42 ವರ್ಷ ಬೇಕಾಯಿತು ಎಂಬುದೂ ನಿಜವೇ.

ಉಗ್ರಾಣದಲ್ಲಿ ಹುಡುಗ ಒಂದೂವರೆ ವರ್ಷ ಹೆಲ್ಮೆಟ್, ಬೂಟು, ಬೆಲ್ಟು ಎಣಿಸಿದ. ಅವನ ಮಾತಿನಲ್ಲಿ ಹೇಳುವುದಾದರೆ, ದ್ವೇಷ ಹೋದ ಜಾಗಕ್ಕೆ ಬೇಸರ ಬಂತು. ಬಿಡುಗಡೆಯ ದಿನವನ್ನು ಅಲ್ಲಿ 'ಓಆರ್‌ಡಿ' ಎನ್ನುತ್ತಾರೆ. ಅದಕ್ಕೆ ಎಷ್ಟು ದಿನ ಉಳಿದಿದೆ ಎಂದು ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಈ ವಯಸ್ಸಿನ ಎರಡು ವರ್ಷ ಎಣಿಕೆಯಲ್ಲೇ ಹೋಯಿತಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ. ಕಡ್ಡಾಯವನ್ನು ನಾನು ಹೊಗಳಲಾರೆ. ಮನಸ್ಸಾಕ್ಷಿ ಒಪ್ಪದೆ ಬಂದೂಕು ಹಿಡಿಯಲಾರೆ ಎನ್ನುವವರಿಗೆ ಅಲ್ಲಿ ಬೇರೆ ದಾರಿಯಿಲ್ಲ. ಕ್ರೈಸ್ತರ ಒಂದು ಪಂಗಡವಾದ ಯೆಹೋವನ ಸಾಕ್ಷಿಗಳು ಹಾಗೆ ನಿರಾಕರಿಸುತ್ತಾರೆ. ಅವರ ಪಂಗಡವನ್ನು 1972ರಲ್ಲೇ ನಿಷೇಧಿಸಲಾಯಿತು. ಅವರ ಹುಡುಗರು ಎರಡು ವರ್ಷದ ಸೇವೆಗಿಂತ ಹೆಚ್ಚು ಕಾಲ ಸೇನಾ ಸೆರೆಯಲ್ಲಿ ಕಳೆದು ಬರುತ್ತಾರೆ. ನಮ್ಮ ನಂಬಿಕೆ ಬೇರೆ, ಅವರದು ಬೇರೆ. ಆದರೂ ಹತ್ತೊಂಬತ್ತರ ಹುಡುಗನೊಬ್ಬ ನಂಬಿಕೆಗಾಗಿ ಸೆರೆಗೆ ಹೋಗುವುದನ್ನು ಕಂಡರೆ ಮನಸ್ಸು ಭಾರವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅಕ್ಕ ಆ ಸೇನೆಗೆ ಋಣಿ. ಹುಡುಗ ಶೌಚಾಲಯ ತೊಳೆಯಲು ಕಲಿತ, ಇಸ್ತ್ರಿ ಹಾಕಲು ಕಲಿತ, ಉಂಡ ತಟ್ಟೆ ತೊಳೆದಿಡಲು ಕಲಿತ. ಎಲ್ಲರೂ ಕಲಿಯುತ್ತಾರೆ ಎಂದಲ್ಲ. 2011ರಲ್ಲಿ ಸಮವಸ್ತ್ರದ ಯುವ ಸೈನಿಕನೊಬ್ಬನ ಹಿಂದೆ ಮನೆಕೆಲಸದಾಕೆ ಅವನ ಚೀಲ ಹೊತ್ತು ನಡೆಯುತ್ತಿದ್ದ ಫೋಟೋ ಹೊರಬಂದು ದೇಶಕ್ಕೆ ದೇಶವೇ ತಲೆ ತಗ್ಗಿಸಿತ್ತು. ನಮ್ಮ ಮನೆಗಳಲ್ಲಿ ಆ ಚೀಲವನ್ನು ಹೊರುವವಳು ತಾಯಿ. ಫೋಟೋ ತೆಗೆಯುವವರಿಲ್ಲ ಅಷ್ಟೇ.

2018ರ ಕೊನೆಗೆ ಅವನ ಸೇವೆ ಮುಗಿಯಿತು. ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಸಿಕ್ಕಿದ್ದ ಸ್ಥಾನ ಹಾಗೆಯೇ ಕಾದಿತ್ತು. ಮುಗಿಯಿತು ಎಂದು ಅಕ್ಕ ನಿಟ್ಟುಸಿರು ಬಿಟ್ಟ ಎರಡೇ ತಿಂಗಳಲ್ಲಿ, 2019ರ ಜನವರಿಯಲ್ಲಿ ಆಲೋಶಿಯಸ್ ಪಾಂಗ್ ಎಂಬ ಟಿ.ವಿ. ನಟ ನ್ಯೂಝಿಲೆಂಡಿನಲ್ಲಿ ಮೀಸಲು ಸೈನಿಕನಾಗಿ ತರಬೇತಿಯಲ್ಲಿದ್ದಾಗ ಗಾಯಗೊಂಡು ತೀರಿಕೊಂಡ. ವಯಸ್ಸು 28. ಎರಡು ವರ್ಷದ ನಂತರವೂ ಬಿಡುಗಡೆ ಪೂರ್ಣವಲ್ಲ. ಹತ್ತು ಸುತ್ತಿನ ಮೀಸಲು ಸೇವೆ ಇರುತ್ತದೆ, ವರ್ಷಕ್ಕೆ ಹೆಚ್ಚೆಂದರೆ 40 ದಿನ. ಪತ್ರ ಬಂದಾಗಲೆಲ್ಲ ಅಕ್ಕ ಮೊದಲು ನೋಡುವುದು ತರಬೇತಿ ಎಲ್ಲಿ ಎಂದು.

ಹೊರದೇಶದಲ್ಲಿ ನೆಲೆಸಲು ಯೋಚಿಸುವ ಕುಟುಂಬಗಳು ಈ ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಗ ದೊಡ್ಡವನಾದ ಮೇಲೆ ಸೇವೆ ಮಾಡದೆ ಕಾಯಂ ನಿವಾಸದ ಹಕ್ಕನ್ನು ಬಿಟ್ಟುಕೊಟ್ಟರೆ, ಮುಂದೆ ಅವನು ಓದಲು ಅಥವಾ ಕೆಲಸಕ್ಕೆ ಸಿಂಗಾಪುರಕ್ಕೆ ಬರಲು ಹಾಕುವ ಅರ್ಜಿಗೆ ಅದು ಅಡ್ಡಿಯಾಗುತ್ತದೆ. ಅರ್ಜಿ ತುಂಬುವಾಗ ಸಂಬಳ, ಬಾಡಿಗೆ, ಶಾಲೆ ಎಲ್ಲವನ್ನೂ ಲೆಕ್ಕ ಹಾಕಿದ ಭಾವ ಇದೊಂದನ್ನು ಮಗನೊಡನೆ ಮಾತನಾಡಿರಲಿಲ್ಲ. ಹುಡುಗನ ಅರ್ಧ ಕೋಪ ಸೇನೆಯ ಮೇಲಲ್ಲ, ತನ್ನನ್ನು ಯಾರೂ ಕೇಳಲಿಲ್ಲ ಎಂಬುದರ ಮೇಲಿತ್ತು ಎಂದು ನನಗೆ ಈಗ ಅನಿಸುತ್ತದೆ.

ಈಗ ಅವನು ಅಲ್ಲೇ ಉದ್ಯೋಗದಲ್ಲಿದ್ದಾನೆ. ಪೌರತ್ವಕ್ಕೆ ಅರ್ಜಿ ಹಾಕಬಹುದು, ಆದರೆ ಹಾಕಿದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು. ಅದು ಅಕ್ಕನ ಕಪಾಟಿನಲ್ಲಿದೆ. ಎರಡು ಸಲ ಅರ್ಜಿ ತುಂಬಿ ಹಾಗೆಯೇ ಇಟ್ಟಿದ್ದಾನೆ. ಯಾಕೆ ಎಂದು ಕೇಳಿದರೆ, ಇನ್ನೂ ಗೊತ್ತಾಗಿಲ್ಲ ಎನ್ನುತ್ತಾನೆ. ಲಾರಿ ಚಾಲಕನಾಗಿದ್ದ ಗೆಳೆಯನ ಮದುವೆಗೆ ಹೋಗಿದ್ದಾಗ ಆ ದೊಡ್ಡಪ್ಪನ ಪಕ್ಕ ಕೂತು ಉಂಡು ಬಂದನಂತೆ. ಸೇನೆಯ ಮಾತು ಇಬ್ಬರೂ ಎತ್ತಲಿಲ್ಲ.

2022ರಲ್ಲಿ ತಮ್ಮನಿಗೂ ಹದಿನಾರೂವರೆ ತುಂಬಿ ಪತ್ರ ಬಂತು. ಅಕ್ಕ ಅದನ್ನು ಬಿಡಿಸಿ ಓದಿ ಅಡುಗೆಮನೆಯ ಕಿಟಕಿಯ ಬಳಿ ಇಟ್ಟಳು. ಮರುದಿನದಿಂದ ಅಣ್ಣ ಅವನನ್ನು ಫಜರ್‌ಗೆ ಎಬ್ಬಿಸಿ, ನಮಾಝ್ ಮುಗಿಸಿ, ಓಡಲು ಕರೆದೊಯ್ದ. ಎರಡು ತಿಂಗಳಾದರೂ ಉಳಿಯಲಿ ಎಂದು.